ಸ್ಪಾ ರೇಸ್: ಮೊದಲ ಕಾರ್ನರ್‌ನಲ್ಲೇ ಕಥೆ ಮುಗೀತು, ಆದ್ರೂ ಪೂರ್ತಿ ಒಂದು ಗಂಟೆ ಓಡಿಸ್ದೆ. ಹುಚ್ಚುತನಾನಾ?

ಮೈಸೂರ್_ಎಮ್4

ನಿನ್ನೆ ರಾತ್ರಿ ನಮ್ಮ ಆನ್‌ಲೈನ್ ಲೀಗ್ ರೇಸ್‌ದು ಬರೀಲೋ ಬೇಡ್ವೋ ಅಂತ ಬೆಳಗ್ಗಿಂದ ಯೋಚ್ನೆ ಮಾಡ್ತಾ ಇದ್ದೆ, ಬರ್ದೇಬಿಡ್ತೀನಿ, ಇಲ್ಲಾಂದ್ರೆ ಇವತ್ತೂ ನಿದ್ದೆ ಬರಲ್ಲ.

ಎಸಿಸಿ (ಅಸೆಟ್ಟೊ ಕೊರ್ಸಾ ಕಾಂಪಿಟಿಜಿಯೋನೆ, ಕಂಪ್ಯೂಟರ್ ಕಾರ್ ರೇಸ್ ಗೇಮು), ಬೆಲ್ಜಿಯಂನ ಸ್ಪಾ ಟ್ರ್ಯಾಕ್, 60 ನಿಮಿಷ, 24 ಕಾರು, ಎಲ್ಲಾ ಜಿಟಿ3 ದರ್ಜೆ ರೇಸ್ ಕಾರು. ಎರಡು ವಾರ ದಿನಾ ಆಫೀಸಿಂದ ಬಂದು ಊಟಕ್ಕೆ ಮುಂಚೆ 15-20 ಲ್ಯಾಪ್ ಹಾಕಿದೀನಿ. ಟೈರ್ ಪ್ರೆಶರ್ 26ರಿಂದ 27ರ ಮಧ್ಯೆ ನಿಲ್ಲಿಸೋಕೇ ಮೂರು ಸಂಜೆ ಹೋಯ್ತು. ಕ್ವಾಲಿಯಲ್ಲಿ (ಸ್ಟಾರ್ಟ್ ಜಾಗ ತೀರ್ಮಾನ ಮಾಡೋ ಸುತ್ತು) 2:19.4 ಹಾಕಿ ಪಿ6, ಅಂದ್ರೆ ಆರನೇ ಸ್ಥಾನ, ಬಂದೆ. ಇದಕ್ಕೆ ಮುಂಚೆ ಪಿ11 ದಾಟಿದ್ದೇ ಇಲ್ಲ ಕಣ್ರೋ. ಸ್ಕ್ರೀನ್‌ಶಾಟ್ ತೆಗ್ದು ಮೂರ್ ಜನಕ್ಕೆ ಕಳಿಸ್ದೆ, ಅದೇ ದೃಷ್ಟಿ ಆಯ್ತೋ ಏನೋ.

ಗ್ರೀನ್ ಲೈಟ್ ಬಿತ್ತು, ಸ್ಟಾರ್ಟ್ ಚೆನ್ನಾಗೇ ಆಯ್ತು, ಮೊದಲ ಕಾರ್ನರ್ ಲಾ ಸೋರ್ಸ್‌ಗೆ ಬ್ರೇಕ್ ಹಾಕ್ದೆ, ಹಿಂದಿನ ಬಲಗಡೆಗೆ ಡಬ್ ಅಂತ ಒಂದು ಬಿತ್ತು, ಕಾರು ತಿರುಗಿ ಹಿಂದೆ ಬರ್ತಿರೋ 18 ಕಾರಿಗೆ ಮುಖ ಮಾಡ್ಕೊಂಡು ನಿಂತೆ. ಮೊದಲನೆಯವನು ತಪ್ಪಿಸ್ಕೊಂಡ, ಎರಡನೆಯವನು ತಪ್ಪಿಸ್ಕೊಂಡ, ಮೂರನೆಯವನು ನೇರ ಮೂತಿಗೆ ಬಂದ. ಇನ್ನೊಬ್ಬ ಸೈಡಿಗೆ. ಎಲ್ಲಾ ಹೋದ್ಮೇಲೆ ಟ್ರ್ಯಾಕ್ ಪೂರ್ತಿ ಖಾಲಿ, ಜಾತ್ರೆ ಮುಗಿದ್ಮೇಲೆ ಮೈದಾನ ಇರತ್ತಲ್ಲ ಹಂಗೆ.

ಸ್ಪಾ ಓಡಿಸ್ದೋರಿಗೆ ಗೊತ್ತು, ಡ್ಯಾಮೇಜ್ ಆಗೋಕೆ ಇದಕ್ಕಿಂತ ಕೆಟ್ಟ ಜಾಗ ಇಲ್ಲ. ರಿಪೇರಿ ಮಾಡೋ ಪಿಟ್‌ನ ಎಂಟ್ರಿ ಬಸ್ ಸ್ಟಾಪ್ ಅನ್ನೋ ಕೊನೇ ಕಾರ್ನರ್ ಹತ್ರ, ಅಂದ್ರೆ ನನ್ನ ಬೆನ್ನ ಹಿಂದೆ. ಹಿಂದಕ್ಕೆ ಹೋಗಂಗಿಲ್ಲ, ಮುಂದಕ್ಕೆ ಹೋಗ್ಬೇಕು ಅಂದ್ರೆ ಇಡೀ 7 ಕಿಲೋಮೀಟರ್ ಸುತ್ತು. ಸ್ಟೇರಿಂಗ್ ಎಡಕ್ಕೆ ಇಷ್ಟು ಹಿಡ್ಕೊಂಡ್ರೆ ಕಾರು ನೇರ ಹೋಗತ್ತೆ. ರೆಡಿಯೋನ್ ಅನ್ನೋ ಏರನ್ನ ಸೆಕೆಂಡ್ ಗೇರ್‌ನಲ್ಲಿ ಹತ್ತಿಸ್ದೆ, ನಮ್ಮೂರ ಚಾಮುಂಡಿ ಬೆಟ್ಟಕ್ಕೆ ಸಿಟಿ ಬಸ್ ಹತ್ತಿದಂಗೆ. ಕೆಮಲ್ ಸ್ಟ್ರೈಟ್‌ನಲ್ಲಿ ಎಸ್ಕೇಪ್ ಕೀ ಮೇಲೆ ಬೆರಳಿಟ್ಟೆ, ನಿಜ ಹೇಳ್ತೀನಿ. ರೇಸ್ ನಡೀವಾಗ ಗ್ಯಾರೇಜ್‌ಗೆ ಹೋದ್ರೆ ವಾಪಸ್ ಬರೋ ಹಂಗಿಲ್ಲ, ಒಂದೇ ಒಂದು ಒತ್ತು, ಅಷ್ಟೇ.

ಅಷ್ಟೊತ್ತಿಗೆ ಸರಿಯಾಗಿ ಅಮ್ಮ ಬಾಗಿಲಲ್ಲಿ ಬಂದು ನಿಂತ್ರು. "ಊಟಕ್ಕೆ ಬರ್ತೀಯಾ?" "ಅಮ್ಮ ರೇಸ್ ನಡೀತಿದೆ." "ಎಷ್ಟನೇ ಸ್ಥಾನ?" "ಕೊನೇದು." "ಸೋತಾಯ್ತಲ್ಲ, ಇನ್ನೇನು ಓಡಿಸ್ತಾ ಇದೀಯ, ಸಾರು ಆರೋಗತ್ತೆ."

ಯಾಕೆ ಅಂತ ಗೊತ್ತಿಲ್ಲ, ಆ ಮಾತಿಗೇ ಹಠ ಬಂದ್ಬಿಡ್ತು. ಬೆರಳು ತೆಗ್ದೆ.

ಪಿಟ್ ಮುಟ್ಟೋಕೆ 4 ನಿಮಿಷ 10 ಸೆಕೆಂಡ್. ರಿಪೇರಿ ಇನ್ನೊಂದು 1 ನಿಮಿಷ 50 ಸೆಕೆಂಡ್. ಪಿಟ್ ವಿಂಡೋ (ಕಡ್ಡಾಯ ಸ್ಟಾಪ್ ಮಾಡ್ಬೇಕಾದ ಟೈಮು) ಇನ್ನೂ ಓಪನ್ ಆಗಿರ್ಲಿಲ್ಲ, ಹಂಗಾಗಿ ಕಡ್ಡಾಯ ಸ್ಟಾಪ್ ಲೆಕ್ಕಕ್ಕೂ ಬರ್ಲಿಲ್ಲ, ಅದಕ್ಕೆ ಮತ್ತೆ ಬೇರೆ ನಿಲ್ಲಿಸ್ಬೇಕಾಯ್ತು. ಹೊರಗೆ ಬಂದಾಗ ಲೀಡರ್ ನನ್ನ ಒಂದ್ ಲ್ಯಾಪ್ ಮುಂದೆ ಹೋಗಿ ಇನ್ನೊಂದಕ್ಕೆ ಹೊಂಚು ಹಾಕ್ತಿದ್ದ. ಅಲ್ಲಿಂದ 50 ನಿಮಿಷ ಒಬ್ನೇ. ಕೊನೆಗೆ ಪಿ15, ಲೀಡರ್ 26 ಲ್ಯಾಪ್, ನಂದು 24. ಒಂದ್ ಪಾಯಿಂಟ್. ಪಿ15 ಅಂತ ಕೇಳಿ ಖುಷಿ ಪಡ್ಬೇಡಿ, ನಾನು ಟ್ರ್ಯಾಕ್‌ನಲ್ಲಿ ಓವರ್‌ಟೇಕ್ ಮಾಡಿದ್ದು ಒಬ್ಬನ್ನ, ಡ್ರೈವ್ ಥ್ರೂ ಪೆನಾಲ್ಟಿ ತಗೊಂಡು ನನ್ನಷ್ಟೇ ಹಾಳಾಗಿದ್ದೋನು. ಮಿಕ್ಕ ಎಂಟು ಜನ ಅವರವರ ಎಸ್ಕೇಪ್ ಕೀ ಒತ್ತಿ ನಂಗೆ ದಾರಿ ಬಿಟ್ರು.

ಊಟ ಮಾಡುವಾಗ ಸಾರು ತಣ್ಣಗಿತ್ತು. ಈಗ ಪ್ರಶ್ನೆ, ಎರಡು ವಾರದ ಕೆಲಸ ಮೊದಲ 12 ಸೆಕೆಂಡಲ್ಲಿ ಹೋದ್ಮೇಲೆ ಉಳಿದ 59 ನಿಮಿಷ ಓಡಿಸೋದ್ರಲ್ಲಿ ಏನಾದ್ರೂ ಅರ್ಥ ಇದ್ಯಾ? ಮತ್ತೆ ಗುದ್ದಿದ ಆ ಹಳದಿ ಪೋರ್ಶೆ ಯಾರದ್ದು, ಹೆಸ್ರು ನೋಡೋಕೂ ಆಗ್ಲಿಲ್ಲ.

ಕ್ಲಚ್_ಹುಬ್ಳಿ

ಅಲ್ರೀ, ಬ್ಯಾಸರ ಮಾಡ್ಕೋಬ್ಯಾಡ್ರಿ, ಖರೇ ಹೇಳ್ತೀನಿ. ನಾ ಆಗಿದ್ರ ಲಾ ಸೋರ್ಸ್‌ನ್ಯಾಗ ಎಸ್ಕೇಪ್ ಒತ್ತಿ, ಹೊರಗ ಹೋಗಿ ಒಂದ್ ಚಾ ಕುಡದು ಮಲ್ಕೊಂಡಿರ್ತಿದ್ದೆ. ಬಾಗಿದ ಕಾರ್ ತಗೊಂಡು ಏಳು ಕಿಲೋಮೀಟರ್ ತೆವಳೂದು ಅಂದ್ರ ಹಿಂದಿಂದ ಬರಾವ್ರಿಗೆ ನೀವು ಅಡ್ಡಗಲ್ಲು ಆಗ್ತೀರಿ. ಮೊದಲ ಲ್ಯಾಪ್ ಅಂತ ಹಿಂದ ಯಾರೂ ಇರ್ಲಿಲ್ಲ ಅನ್ರಿ, ಆದ್ರ ಆಮ್ಯಾಲೆ? 14ನೇ ಲ್ಯಾಪ್‌ನ್ಯಾಗ ಬಸ್ ಸ್ಟಾಪ್ ಹತ್ರ ನನಗ ಎಷ್ಟ್ ಟೈಮ್ ಹೋತು ಗೊತ್ತೈತೇನ್ರಿ ನಿಮಗ? ನಾ ಪಿ3ಗೆ ಫೈಟ್ ಮಾಡಾಕತ್ತಿದ್ದೆ, ನೀವು ನೀಲಿ ಬಾವುಟ (ಹಿಂದಿನ ಫಾಸ್ಟ್ ಕಾರಿಗೆ ದಾರಿ ಬಿಡ್ರಿ ಅನ್ನೂದು) ನೋಡಿ ಎಡಕ್ಕ ಹೋಗ್ಲೋ ಬಲಕ್ಕ ಹೋಗ್ಲೋ ಅಂತ ವಿಚಾರ ಮಾಡ್ಕೋತ ನಡಬರಕ ನಿಂತ್ರಿ. ಸೋತಾವ್ರು ಮುಗಸೂದು ಅವರ ಸಂತೋಷ, ಆದ್ರ ಅದರ ಬಿಲ್ಲು ನಾವ್ ಕಟ್ಟಬೇಕಾಗ್ತದ.

ಮೈಸೂರ್_ಎಮ್4

ಅಣ್ಣ ಅದು ನೀವಾ? ಸಾರಿ. ಅಲ್ಲಿ ನಾನು ತಡವರಿಸಿದ್ದು ನಿಜ. ಅದಾದ್ಮೇಲೆ ಒಂದು ರೂಲ್ ಮಾಡ್ಕೊಂಡೆ, ನೀಲಿ ಬಂದ್ರೆ ಸ್ಟ್ರೈಟ್‌ನಲ್ಲಿ ಮಾತ್ರ ಬಿಡೋದು, ಒಂದ್ ಕಡೆ ಹಿಡ್ಕೊಂಡು ಆಕ್ಸಿಲರೇಟರ್ ಸ್ವಲ್ಪ ಎತ್ತೋದು, ಕಾರ್ನರ್ ಒಳಗೆ ನನ್ನ ಲೈನ್ ನಾನು ಬದಲಾಯಿಸಲ್ಲ. ಆಮೇಲೆ ಯಾರಿಗೂ ತೊಂದ್ರೆ ಆಗ್ಲಿಲ್ಲ ಅನ್ಕೋತೀನಿ.

ಅಂದಹಾಗೆ "ಬಸ್ ಸ್ಟಾಪ್ ಹತ್ರ ಒಬ್ಬರಿಗೆ ಅಡ್ಡ ಬಂದ್ಬಿಟ್ಟೆ" ಅಂತ ಊಟ ಮಾಡ್ತಾ ಹೇಳ್ದೆ, ಅಪ್ಪ ಗಾಬರಿಯಾಗಿ "ಯಾವಾಗ, ಯಾವ ಬಸ್ ಸ್ಟಾಪು, ಏಟಾಯ್ತಾ" ಅಂದ್ರು.

ಅಪೆಕ್ಸ್_ಕುಡ್ಲ

ಎಂತ ಮಾರ್ರೆ, ನಿಮ್ಮ ತಂದೆ ಕೇಳಿದ್ದರಲ್ಲಿ ಎಂತ ತಪ್ಪುಂಟು? ಅಲ್ಲಿ ಮೊದಲು ನಿಜವಾಗಿ ಬಸ್ ನಿಲ್ತಾ ಇತ್ತು. ಹಳೇ ಸ್ಪಾ ಅಂದ್ರೆ ಊರಿನ ರಸ್ತೆಯೇ ಅಲ್ವಾ, ಹಾಗೆ ಹೆಸರು ಉಳಿದದ್ದು.

ಮುಗಿಸುವ ವಿಷಯಕ್ಕೆ ಬರುವುದಾದ್ರೆ ನಾನು ಹುಬ್ಳಿ ಸರ್ ಪಾರ್ಟಿ ಅಲ್ಲ. ನಾನು ಐರೇಸಿಂಗ್ ಅನ್ನುವ ಬೇರೆ ರೇಸ್ ಗೇಮ್ ಜಾಸ್ತಿ ಆಡುವುದು. ಅಲ್ಲಿ ಎದ್ದು ಹೋದ್ರೆ ನಷ್ಟ ನಿಮಗೇ. ರೇಸ್ ಬಿಟ್ಟು ಹೋದವನಿಗೂ ಒಂದು ಪೊಸಿಷನ್ ಬೀಳ್ತದೆ, ಐರೇಟಿಂಗ್ (ಆಟಗಾರನ ಮಟ್ಟದ ಅಂಕ) ಆ ಪೊಸಿಷನ್ ಪ್ರಕಾರವೇ ಕಟ್ ಆಗುವುದು. ನೀವು ತೆವಳಿಕೊಂಡು ಮುಗಿಸಿದ್ರೆ, ಬಿಟ್ಟು ಹೋದ ಆರೇಳು ಜನರ ಮೇಲೆ ನೀವು. ಇನ್ನೊಂದು, ಸೇಫ್ಟಿ ರೇಟಿಂಗ್. ಟ್ರ್ಯಾಕ್‌ನಿಂದ ಹೊರಗೆ ಹೋದ್ರೆ 1, ಕಂಟ್ರೋಲ್ ತಪ್ಪಿದ್ರೆ 2, ಇನ್ನೊಬ್ಬನಿಗೆ ಜೋರಾಗಿ ಗುದ್ದಿದ್ರೆ 4 ಅಂತ ಪಾಯಿಂಟ್ ಬೀಳ್ತದಲ್ಲ, ಲೆಕ್ಕ ಆಗುವುದು ಎಷ್ಟು ಕಾರ್ನರಿಗೆ ಎಷ್ಟು ಪಾಯಿಂಟ್ ಅಂತ. ಹಾಗಾಗಿ ಮೊದಲ ಲ್ಯಾಪ್‌ನಲ್ಲಿ 4 ಬಿದ್ದವ ಬಿಟ್ಟು ಹೋದ್ರೆ ಅದು ಹಾಗೇ ಕೂತಿರ್ತದೆ, ಆಮೇಲೆ 20 ಲ್ಯಾಪ್ ಒಬ್ಬನೇ ಕ್ಲೀನಾಗಿ ಓಡಿಸಿದ್ರೆ ಅರ್ಧ ಗಾಯ ಅಲ್ಲೇ ವಾಸಿ ಆಗ್ತದೆ. ಅಲ್ಲಿ ಟೋ ಕೂಡ ಉಂಟು, ಟೈಮ್ ತಿನ್ತದೆ ಆದ್ರೆ ಪಿಟ್‌ಗೆ ಎಳ್ಕೊಂಡು ಹೋಗ್ತಾರೆ.

ಎಸಿಸಿಯಲ್ಲಿ ಈ ಸುಖ ಇಲ್ಲ. ಅಲ್ಲಿಯ ಎಸ್‌ಎ (ಸೇಫ್ಟಿ ರೇಟಿಂಗ್) ಏರಬೇಕಾದ್ರೆ ಬೇರೆಯವರ ಹತ್ತಿರ ಹತ್ತಿರ ಗುದ್ದದೆ ಓಡಿಸ್ಬೇಕು, ಒಬ್ಬನೇ 50 ನಿಮಿಷ ಓಡಿಸಿದ್ದಕ್ಕೆ ಎಂತದೂ ಸಿಗುವುದಿಲ್ಲ. ಅಂದ್ರೆ ಮೈಸೂರಿನವರು ಓಡಿಸಿದ್ದು ಶುದ್ಧ ಹಠಕ್ಕೆ. ನಂಗೆ ಅದೇ ಇಷ್ಟ ಆದದ್ದು.

ಟೆಲಿಮೆಟ್ರಿ_ತಿಮ್ಮ

ನಮ್ ಥರ ಮನೇಲಿ ಕೂತು ಆಡೋರು ಬಿಟ್ಟೋದ್ರೆ ಯಾರೂ ಕೇಳಲ್ಲ. 2020ರ ಏಪ್ರಿಲ್ 5, ಲಾಕ್‌ಡೌನ್ ಟೈಮು, ಅಮೆರಿಕದ ನ್ಯಾಸ್ಕಾರ್ ಕಾರ್ ರೇಸ್ ಡ್ರೈವರ್‌ಗಳೆಲ್ಲ ಐರೇಸಿಂಗ್‌ನಲ್ಲಿ ಬ್ರಿಸ್ಟಲ್ ಟ್ರ್ಯಾಕ್ ಓಡಿಸ್ತಿದ್ರು. ಬಬ್ಬಾ ವಾಲೇಸ್ ಗುದ್ದಿಸ್ಕೊಂಡು ಸಿಟ್ಟಿಗೆದ್ದು ಲೈವ್‌ನಲ್ಲೇ ಕ್ವಿಟ್ ಮಾಡ್ದ. ಸ್ಪಾನ್ಸರ್ ಬ್ಲೂ-ಇಮು ಅವನನ್ನ ಕೈಬಿಡ್ತು. ವಿಡಿಯೋ ಗೇಮ್ ಬಿಟ್ಟಿದ್ದಕ್ಕೆ ನಿಜವಾದ ದುಡ್ಡು ಹೋಯ್ತು. ಆಗ ಎಲ್ರೂ ನಕ್ಕಿದ್ವಿ, ಆದ್ರೆ ಸ್ಪಾನ್ಸರ್ ಕಡೆಯಿಂದ ಯೋಚ್ನೆ ಮಾಡಿ, ಕಾರಿನ ಮೇಲೆ ಅವ್ರ ಹೆಸ್ರು ಇದೆ, ಕಾರೇ ಟ್ರ್ಯಾಕ್‌ನಲ್ಲಿ ಇಲ್ಲ.

ಕಾಫಿನಾಡು_ಜಿ29

ನೀವೆಲ್ಲ ಎಸ್ಕೇಪ್ ಒತ್ಲಾ ಬೇಡ್ವಾ ಅಂತ ಚರ್ಚೆ ಮಾಡ್ತಿದೀರ, ನಂಗೆ ಆ ಚಾಯ್ಸೇ ಕೊಡಲ್ಲ ನಮ್ಮೂರಲ್ಲಿ. ಮಳೆಗಾಲದಲ್ಲಿ ಒಂದು ಸಿಲ್ವರ್ ಮರ ಲೈನ್ ಮೇಲೆ ಬಿದ್ರೆ ಮುಗೀತು. ಹೋದ ಸೀಸನ್‌ನಲ್ಲಿ ಮೂರನೇ ಸ್ಥಾನದಲ್ಲಿದ್ದೆ, ಉಳಿದಿದ್ದು ಎರಡು ಲ್ಯಾಪ್, ಕರೆಂಟ್ ಹೋಯ್ತು. ಯುಪಿಎಸ್ ಇತ್ತು, ಪಿಸಿ ಬದುಕ್ತು, ವೀಲ್ ಬದುಕ್ತು, ರೂಟರ್‌ನ ಮಾತ್ರ ಯುಪಿಎಸ್‌ಗೆ ಹಾಕೋದು ಮರ್ತಿದ್ದೆ! ಸ್ಕ್ರೀನ್ ಮೇಲೆ ಕಾರ್ ಓಡ್ತಾನೇ ಇದೆ, ಮುಂದಿದ್ದ ಕಾರ್‌ಗಳೆಲ್ಲ ಒಂದೊಂದಾಗಿ ಮಾಯ. ಆಮೇಲೆ ಕನೆಕ್ಷನ್ ಲಾಸ್ಟ್. ಕತ್ತಲಲ್ಲಿ ಕೂತು ಅತ್ತಿದೀನಿ, ನಾಚ್ಕೆ ಇಲ್ಲ ಹೇಳೋಕೆ.

ಸಮಾಧಾನಕ್ಕೆ ಒಂದು, 2023ರ ಜನವರಿಲಿ ವರ್ಚುವಲ್ ಲೆ ಮಾನ್ 24 ಗಂಟೆ ರೇಸಲ್ಲಿ ಲೀಡ್‌ನಲ್ಲಿದ್ದಾಗ್ಲೇ ಡಿಸ್ಕನೆಕ್ಟ್ ಆಗಿದ್ದು ಫಾರ್ಮುಲಾ 1 ಡ್ರೈವರ್ ಮ್ಯಾಕ್ಸ್ ವರ್ಸ್ಟಪ್ಪನ್‌ಗೆ. ಅವನು ಆಮೇಲೆ ಎಲ್ರನ್ನೂ ಬೈದು ರೇಸ್ ಬಿಟ್ಟ. ಅವನಿಗೇ ಹಂಗಾದ್ರೆ ನಂದೇನು.

ನಮ್ಮ ಚಿಕ್ಕಮಗಳೂರಲ್ಲಿ ನಿಜವಾದ ರ್ಯಾಲಿ ನಡೆಯತ್ತಲ್ಲ, ಚಿಕ್ಕೋಳಿದ್ದಾಗಿಂದ ಎಸ್ಟೇಟ್ ರಸ್ತೆ ಪಕ್ಕ ನಿಂತು ನೋಡ್ತಿದ್ದೆ. ಬಾನೆಟ್‌ಗೆ ಹಗ್ಗ ಕಟ್ಕೊಂಡು ಬರೋ ಗಾಡಿಗೇ ಜಾಸ್ತಿ ಶಿಳ್ಳೆ. ರ್ಯಾಲಿಯಲ್ಲಿ ಮೊದಲ ದಿನ ಗಾಡಿ ನಿಂತು ಹೋದ್ರೂ ರಾತ್ರಿ ರಿಪೇರಿ ಮಾಡಿ ಮರುದಿನ ಟೈಮ್ ಪೆನಾಲ್ಟಿ ಜೊತೆ ಹೊರಡೋ ಪದ್ಧತಿನೂ ಇದೆ. ಗೆಲ್ಲಲ್ಲ ಅಂತ ಅವ್ರಿಗೂ ಗೊತ್ತಿರತ್ತೆ.

ಹಿಂದಿನ_ಸಾಲು

ತಮ್ಮಾ, ನಾನು ಈ ಲೀಗ್‌ನಲ್ಲಿ ಎಲ್ಲರಿಗಿಂತ ವಯಸ್ಸಾದೋನು, ಎಲ್ಲರಿಗಿಂತ ನಿಧಾನ ಕೂಡ, ನನ್ನ ಹೆಸರೇ ಹೇಳುತ್ತೆ. 24ರಲ್ಲಿ 24 ಬಂದ ಅನುಭವ ನನಗಿರುವಷ್ಟು ಇಲ್ಲಿ ಯಾರಿಗೂ ಇಲ್ಲ, ಆದ್ದರಿಂದ ಸ್ವಲ್ಪ ಅಧಿಕಾರದಿಂದ ಮಾತಾಡ್ತೀನಿ.

1996ರ ಮೊನಾಕೊ, ಫಾರ್ಮುಲಾ 1 ರೇಸ್. ಒಲಿವಿಯೆ ಪನಿಸ್ 14ನೇ ಜಾಗದಿಂದ ಹೊರಟು ಗೆದ್ದ. ಬಾವುಟ ಬೀಳುವಾಗ ಟ್ರ್ಯಾಕ್ ಮೇಲೆ ಓಡ್ತಾ ಇದ್ದದ್ದು ಮೂರೇ ಕಾರು. ಮಳೆ, ಗೋಡೆ, ಇಂಜಿನ್ನು, ಒಬ್ಬೊಬ್ಬರಾಗಿ ಎಲ್ಲರನ್ನೂ ತಿಂದುಹಾಕ್ತು. ನಾನು ಆ ರೇಸ್ ನೋಡಿದ ಮೇಲೆ ಯಾವ ಆಟದಲ್ಲೂ ಅರ್ಧಕ್ಕೆ ಎದ್ದಿಲ್ಲ. ಕೇರಂ ಕೂಡ.

ಟೆಲಿಮೆಟ್ರಿ_ತಿಮ್ಮ

ಸರ್ ನೀವು ಪನಿಸ್ ಅಂದ್ರೆ ನಾನು ನಮ್ ನರೇನ್ ಕಾರ್ತಿಕೇಯನ್ ಅಂತೀನಿ. 2005 ಇಂಡಿಯಾನಾಪೊಲಿಸ್, ಜೋರ್ಡನ್ ಕಾರು, ನಾಲ್ಕನೇ ಸ್ಥಾನ, 5 ಪಾಯಿಂಟ್. ಓಡಿಸ್ತಾ ಇರಬೇಕು ಅಷ್ಟೇ, ಪಾಯಿಂಟ್ ತಾನಾಗೇ ಬರತ್ತೆ.

ಕ್ಲಚ್_ಹುಬ್ಳಿ

ತಿಮ್ಮಣ್ಣ, ಆ ಉದಾಹರಣೆ ಇಲ್ಲಿಗೆ ಹೊಂದೂದಿಲ್ರಿ. ಅವತ್ತು ಮಿಶೆಲಿನ್ ಟೈರ್ ಇದ್ದ 14 ಕಾರು ಫಾರ್ಮೇಶನ್ ಲ್ಯಾಪ್ ಮುಗಿಸಿ ಸೀದಾ ಪಿಟ್‌ಗೆ ಹೋದ್ವು, ಆ ಬ್ಯಾಂಕಿಂಗ್ ಕಾರ್ನರ್‌ನ್ಯಾಗ ಟೈರ್ ತಡಿಯೂದಿಲ್ಲ ಅಂತ. ರೇಸ್ ಮಾಡಿದ್ದು ಆರs ಕಾರು. ನರೇನ್ ಹಿಂದ ಇದ್ದಾವ್ರು ಇಬ್ಬರs, ಇಬ್ರೂ ಮಿನಾರ್ಡಿ. ನಮ್ಮಾವ ಅಂತ ಅಭಿಮಾನ ನನಗೂ ಐತಿ, ಆದ್ರ ಅದು ಛಲ ಬಿಡದs ಮುಗಿಸಿದ ಕತಿ ಅಲ್ಲ.

ಛಲದ ಕತಿ ಬೇಕಂದ್ರ ಬೆಂಗಳೂರಿನ ಸಿ.ಎಸ್. ಸಂತೋಷ್ ಅವರದು ತಗೋರಿ. 2015ರ ಡಕಾರ್ ರ್ಯಾಲಿ, ಬೈಕ್ ವಿಭಾಗ, 36ನೇ ಸ್ಥಾನ. ಡಕಾರ್ ಮುಗಿಸಿದ ಮೊದಲ ಭಾರತೀಯ ಅವರು. 36 ಅಂತ ಯಾರೂ ನಗಲಿಲ್ಲ, ಯಾಕಂದ್ರ ಅಲ್ಲಿ ಎರಡು ವಾರ ಮರುಭೂಮಿ, ಗುಡ್ಡ, ಉಪ್ಪಿನ ಬಯಲು ದಾಟಿ ಬೈಕು ವಾಪಸ್ ತರೂದs ದೊಡ್ಡ ಮಾತು. ಅಲ್ಲಿ ಮುಗಸೂದಕ್ಕ ಬೆಲಿ ಐತಿ. ನಮ್ಮ 60 ನಿಮಿಷದ ಆಟಕ್ಕ ಅದನ್ನ ಹಚ್ಚಬ್ಯಾಡ್ರಿ ಅಂತ ನಾ ಹೇಳೂದು.

ಹಿಂದಿನ_ಸಾಲು

ಹುಬ್ಳಿಯವರು ನರೇನ್ ವಿಷಯ ಹೇಳಿದ್ದು ಸರಿ. ಸಂತೋಷ್ ವಿಷಯಾನೂ ಸರಿ. ಆದ್ರೆ 60 ನಿಮಿಷಕ್ಕೆ ಬೆಲೆ ಇಲ್ಲ ಅಂದ್ರೆ ಪಿ3ಗೆ ಯಾಕೆ ಅಷ್ಟು ಫೈಟ್ ಮಾಡಿದ್ರಿ, ಬಸ್ ಸ್ಟಾಪ್‌ನಲ್ಲಿ ಅರ್ಧ ಸೆಕೆಂಡ್ ಹೋದದ್ದಕ್ಕೆ ಇವತ್ತಿಗೂ ಯಾಕೆ ಸಂಕಟ?

ಕ್ಲಚ್_ಹುಬ್ಳಿ

😀 ಸಿಕ್ಕೊಂಡೆ ನೋಡ್ರಿ. ಒಂದೂವರಿ ಸೆಕೆಂಡ್, ಅರ್ಧ ಅಲ್ಲ.

ಮೈಸೂರ್_ಎಮ್4

ಎಲ್ರಿಗೂ ಥ್ಯಾಂಕ್ಸ್. ಒಂದು ವಿಷಯ ಮೊದಲನೇ ಪೋಸ್ಟಲ್ಲಿ ಬರೀಲಿಲ್ಲ ಯಾಕಂದ್ರೆ ಆಗ ಸಿಟ್ಟಿತ್ತು. ಆ 50 ನಿಮಿಷದ ಬಗ್ಗೆ.

ಮೊದಲ ಹತ್ತು ನಿಮಿಷ ಬರೀ ಬೈತಾ ಓಡಿಸ್ದೆ. ಪ್ರತೀ ಸಲ ಲಾ ಸೋರ್ಸ್ ಬಂದಾಗ ಒಂದ್ ಸಲ ಬೈಯೋದು. ಆಮೇಲೆ ಬೈಗುಳ ಖಾಲಿ ಆಯ್ತು. ಮುಂದೆ ಯಾರೂ ಇಲ್ಲ, ಹಿಂದೆ ಯಾರೂ ಇಲ್ಲ, ಡೆಲ್ಟಾ (ಹಳೇ ಲ್ಯಾಪ್‌ಗಿಂತ ಎಷ್ಟು ಹಿಂದೆ ಮುಂದೆ ಅನ್ನೋ ಲೆಕ್ಕ) ನೋಡೋದೂ ನಿಲ್ಲಿಸ್ಬಿಟ್ಟೆ, ಬರೀ ಸ್ಟೇರಿಂಗ್ ಕೈಯಲ್ಲಿ ಏನ್ ಹೇಳ್ತಿದೆ ಅಂತ ಕೇಳಿಸ್ಕೊಳ್ತಾ ಹೋದೆ. ಪೂಹೊನ್ ಇದ್ಯಲ್ಲ, ಇಳಿಜಾರಿನ ಆ ಉದ್ದದ ಡಬಲ್ ಎಡ, ಅಲ್ಲಿ ನಾನು ಎರಡು ವಾರದಿಂದ ಎರಡು ಸಲ ಬ್ರೇಕ್ ಮುಟ್ತಿದ್ದೆ ಅಂತ ಅವತ್ತೇ ಗೊತ್ತಾಗಿದ್ದು. ಭಯಕ್ಕೆ ಒಂದ್ಸಲ, ಆ ಭಯದಿಂದ ಲೈನ್ ತಪ್ಪಿದ್ದಕ್ಕೆ ಇನ್ನೊಂದ್ಸಲ. ಮುಂಚೆ ರೇಸಲ್ಲಿ ಪಕ್ಕದಲ್ಲಿ ಯಾರಾದ್ರೂ ಇರ್ತಿದ್ರು, ಪ್ರಾಕ್ಟೀಸಲ್ಲಿ ಟೈಮ್ ಹುಚ್ಚು, ಗಮನಿಸೋಕೇ ಆಗಿರ್ಲಿಲ್ಲ. ಇಲ್ಲಿ ಕಳ್ಕೊಳ್ಳೋಕೆ ಏನೂ ಇಲ್ವಲ್ಲ, ಒಂದೇ ಸಲ ಸಣ್ಣಗೆ ಬ್ರೇಕ್ ಮುಟ್ಟಿ ಕಾರ್ ತಾನೇ ತಿರುಗೋವರೆಗೂ ಕಾದೆ. ನಾಲ್ಕು ಲ್ಯಾಪ್ ಹೊರಗೆ ಹೋದೆ. ಐದನೇದು ನಿಂತ್ಕೊಳ್ತು. 19ನೇ ಲ್ಯಾಪ್ 2:19.1. ಕ್ವಾಲಿಗಿಂತ ಫಾಸ್ಟ್, ಹಳೇ ಟೈರಲ್ಲಿ.

ಮುಗಿದ್ಮೇಲೆ ಕೈ ನಡುಗ್ತಿತ್ತು. ಪಿ15ಕ್ಕೆ ಕೈ ನಡುಗೋದು ಅಂದ್ರೆ ಏನ್ರೀ.

ಅಪೆಕ್ಸ್_ಕುಡ್ಲ

ಆ ಲ್ಯಾಪ್‌ನ ಮೋಟೆಕ್ ಡೇಟಾ ಫೈಲ್ ಉಂಟಾ? ಪೂಹೊನ್ ನನಗೂ ಮಂಡೆಬಿಸಿ. ಹಾಕಿ ಮಾರ್ರೆ.

ಮ್ಯೂನಿಕ್_ಮಾವ

ನಮಸ್ಕಾರ. ಹಳದಿ ಪೋರ್ಶೆ ನಂದು.

ಮೊದಲಿಂದ ಈ ಥ್ರೆಡ್ ಓದ್ತಾ ಇದೀನಿ, ಬಾಯಿ ಮುಚ್ಕೊಂಡು ಇರೋಣ ಅನ್ಕೊಂಡಿದ್ದೆ, ಆಗ್ಲಿಲ್ಲ. ಮೊದಲು ಕ್ಷಮೆ, ಗುದ್ದಿದ್ದು ನಾನು, ನಿಮ್ಮ ರೇಸ್ ಹಾಳಾಗಿದ್ದು ನನ್ನಿಂದ, ಅದರಲ್ಲಿ ಎರಡು ಮಾತಿಲ್ಲ. ಜೊತೆಗೆ ಆ ಎಸ್ಕೇಪ್ ಒತ್ತಿದ ಎಂಟು ಜನರಲ್ಲಿ ನಾನೂ ಒಬ್ಬ, ಅದನ್ನೂ ಒಪ್ಕೋತೀನಿ, ರೇಡಿಯೇಟರ್ ನೆಪ.

ಆದ್ರೆ ದಯವಿಟ್ಟು ರೀಪ್ಲೇನ ಹೆಲಿಕಾಪ್ಟರ್ ಕ್ಯಾಮೆರಾದಲ್ಲಿ ಒಂದ್ಸಲ ನೋಡಿ. ನೀವು ಎಡಗಡೆಯಿಂದ ಬಂದ್ರಿ, ಬ್ರೇಕ್ ಹಾಕಿದ್ರಿ, ಬ್ರೇಕ್ ಹಾಕಿದ್ಮೇಲೆ ಒಳಗಡೆ ಮುಚ್ಚೋಕೆ ಬಲಕ್ಕೆ ಬಂದ್ರಿ. ಅಷ್ಟೊತ್ತಿಗೆ ನನ್ನ ಮೂತಿ ಅಲ್ಲಿತ್ತು. ಇನ್ನೊಂದು, ನಾನು ಕೂತಿರೋದು ಜರ್ಮನಿಲಿ, ಸರ್ವರ್ ಮುಂಬೈಲಿ, ನನ್ನ ಪಿಂಗ್ (ನೆಟ್‌ನ ತಡ) 150 ಮಿಲಿಸೆಕೆಂಡ್ ಹತ್ರ. ಗಂಟೆಗೆ 100 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ ಹತ್ರತ್ರ 28 ಮೀಟರ್, 0.15 ಸೆಕೆಂಡಿಗೆ 4 ಮೀಟರ್ ಮೇಲೆ ಆಯ್ತು. ಹೆಚ್ಚುಕಮ್ಮಿ ಒಂದು ಕಾರಿನ ಉದ್ದ. ನೀವು ಬಲಕ್ಕೆ ತಿರುಗಿದ್ದು ನಂಗೆ ಕಾಣೋಷ್ಟೊತ್ತಿಗೆ ನೀವು ಆಗ್ಲೇ ಬಂದಾಗಿತ್ತು. ನನ್ನ ಸ್ಕ್ರೀನಲ್ಲಿ ನಿಮ್ಮ ಕಾರು ಒಂದು ಕಾರು, ನಿಮ್ಮ ಸ್ಕ್ರೀನಲ್ಲಿ ಬೇರೆ ಕಾರು.

ಇದು ಗೊತ್ತಿದ್ದೂ ನಾನು ಮೊದಲ ಕಾರ್ನರಲ್ಲಿ ಅಷ್ಟು ಹತ್ರ ಹೋಗಬಾರ್ದಿತ್ತು, ಅದು ನನ್ನ ತಪ್ಪು. 150 ಪಿಂಗ್ ಇಟ್ಕೊಂಡೋರು ಜಾಗ ಜಾಸ್ತಿ ಬಿಡಬೇಕು. ಕನ್ನಡದಲ್ಲಿ ಬೈಸ್ಕೊಂಡು ರೇಸ್ ಮಾಡೋಕೆ ಇದೊಂದೇ ಲೀಗ್ ಇರೋದು ನಂಗೆ, ಅದಕ್ಕೇ ಸಂಜೆ ಆಫೀಸ್ ಕಾಲ್ ಬಿಟ್ಟು ಬರ್ತೀನಿ.

ಕಾಫಿನಾಡು_ಜಿ29

ಅಯ್ಯೋ, ಸಿನಿಮಾ ಇಂಟರ್ವಲ್ ಥರ ಬಂದ್ರಲ್ಲ 😂 ಮೈಸೂರು ಅಣ್ಣ ಎಲ್ಲಿ?

ಮೈಸೂರ್_ಎಮ್4

ರೀಪ್ಲೇ ನೋಡ್ದೆ. ನಾಲ್ಕು ಸಲ ನೋಡ್ದೆ. ಐದನೇ ಸಲ ಅಪ್ಪನ್ನ ಕರ್ದು ತೋರಿಸ್ದೆ, ಅವ್ರು ಕನ್ನಡಕ ಹಾಕ್ಕೊಂಡು ನೋಡಿ "ನೀನೇ ಅಡ್ಡ ಹೋಗಿದೀಯಲ್ಲೋ" ಅಂದ್ರು.

ಹೌದು. ನಾನು ಬ್ರೇಕ್ ಹಾಕಿದ್ಮೇಲೆ ಬಲಕ್ಕೆ ಬಂದಿದೀನಿ. ಪಿ6 ಉಳಿಸ್ಕೋಬೇಕು ಅನ್ನೋ ಗಡಿಬಿಡಿ. ಮುಂದಿನವರೆಲ್ಲ ಒಟ್ಟಿಗೇ ಬ್ರೇಕ್ ಹಾಕಿ ಗುಂಪು ಕುಗ್ಗಿದ್ರಿಂದ ನಾನು ಪ್ರಾಕ್ಟೀಸ್‌ಗಿಂತ ಬಹಳ ಮುಂಚೆ ಬ್ರೇಕ್ ಹಾಕಿದೀನಿ ಕೂಡ, ಟೈರ್ ಬೇರೆ ತಣ್ಣಗಿತ್ತು. ಮಾವ, ಇಬ್ರದ್ದೂ ಅರ್ಧ ಅರ್ಧ ಅಂತ ಇಟ್ಕೊಳ್ಳೋಣ. ನಿನ್ನೆ ರಾತ್ರಿ ನಿಮಗೆ ಹಾಕಿದ ಶಾಪಗಳಲ್ಲಿ ಅರ್ಧ ವಾಪಸ್ ತಗೋತೀನಿ.

ಮ್ಯೂನಿಕ್_ಮಾವ

ಅರ್ಧ ಸಾಕು. ಮುಂದಿನ ಸಲ ನಾನು ಕಾರು ಹಾಳಾದ್ರೂ ಮುಗಿಸ್ತೀನಿ, ನೀವು ಹೇಳಿದ್ದು ಓದಿ ಸ್ವಲ್ಪ ನಾಚಿಕೆ ಆಯ್ತು. ರೇಡಿಯೇಟರ್‌ಗೆ ಏನೂ ಆಗಿರ್ಲಿಲ್ಲ.

ಕ್ಲಚ್_ಹುಬ್ಳಿ

ಮುಗಸ್ರಿ ಬೇಕಾದ್ರ, ನೀಲಿ ಬಾವುಟ ಕಂಡಾಗ ಮಾತ್ರ ಒಂದ್ ಬಾಜೂಕ ಆಗ್ರಿ. ನಂದು ಅಷ್ಟs ಕೇಳಿಕೆ. ನಾ ಇನ್ನೂ ಬದಲಾಗಿಲ್ಲ, ಮೊದಲ ಕಾರ್ನರ್‌ನ್ಯಾಗ ಬಿದ್ರ ನಾ ಚಾ ಕುಡಿಯಾವನ.

ಲೀಗ್_ಅಡ್ಮಿನ್

ಸ್ಟೀವರ್ಡ್ (ರೇಸ್ ತೀರ್ಪುಗಾರರ) ರೂಮಲ್ಲಿ ನೋಡಿ ಆಯ್ತು, ಮೊದಲ ಲ್ಯಾಪ್ ರೇಸಿಂಗ್ ಇನ್ಸಿಡೆಂಟ್, ಪೆನಾಲ್ಟಿ ಇಲ್ಲ. ಬ್ರೇಕ್ ಹಾಕುವಾಗ ಲೈನ್ ಬದಲಾಯಿಸಿದ್ದಕ್ಕೆ ಮೈಸೂರಿನವರ ಎಮ್4ಗೆ ಎಚ್ಚರಿಕೆ, ಅಂತರ ಬಿಡದಿದ್ದಕ್ಕೆ ಪೋರ್ಶೆಗೂ ಎಚ್ಚರಿಕೆ. 14ನೇ ಲ್ಯಾಪ್ ನೀಲಿ ಬಾವುಟದ್ದೂ ನೋಡಿದ್ವಿ, ಹುಬ್ಳಿಯವರು ಕಳ್ಕೊಂಡಿದ್ದು 0.7 ಸೆಕೆಂಡ್, ಒಂದೂವರೆ ಅಲ್ಲ. ಮುಂದಿನ ರೇಸ್ ಆಸ್ಟ್ರೇಲಿಯಾದ ಬಾತರ್ಸ್ಟ್ ಟ್ರ್ಯಾಕ್, ಅಲ್ಲಿ ಅಡ್ಡ ಹೋದ್ರೆ ಗೋಡೆನೇ ಸ್ಟೀವರ್ಡ್. ಯುಪಿಎಸ್ ಇರೋರು ರೂಟರ್‌ನೂ ಅದಕ್ಕೇ ಹಾಕ್ಕೊಳ್ಳಿ, ಮೇಲೆ ಓದಿದ್ರಲ್ಲ.

ಮೈಸೂರ್_ಎಮ್4

ಬಾತರ್ಸ್ಟ್‌ಗೆ ಮುಂಚೆ ಒಂದು ಅರ್ಜೆಂಟ್ ಸಮಸ್ಯೆ. ನಮ್ಮನೇಲಿ ಮೊಸಾಯಿಕ್ ನೆಲ, ಜೋರಾಗಿ ಬ್ರೇಕ್ ಒತ್ತಿದ್ರೆ ಪೆಡಲ್ ಸೆಟ್ ಹಿಂದಕ್ಕೆ ಜಾರತ್ತೆ. ಇಷ್ಟು ದಿನ ಹಿಂದೆ 25 ಕೆಜಿ ಅಕ್ಕಿ ಮೂಟೆ ಇಟ್ಕೊಂಡಿದ್ದೆ. ತಿಂಗಳ ಕೊನೆ, ಮೂಟೆಲಿ ಈಗ ಮೂರ್ನಾಲ್ಕು ಕೆಜಿ ಇರಬಹುದು, ನಿನ್ನೆ ಲಾ ಸೋರ್ಸ್‌ನಲ್ಲಿ ಕಾಲು ಚಾಚಿದ್ರೆ ಪೆಡಲ್ ಗೋಡೆ ಹತ್ರ ಹೋಗಿತ್ತು. ಹೊಸ ಮೂಟೆ ಒಂದನೇ ತಾರೀಕಿಗೆ ಅಂತೆ. ರಿಗ್ (ಸೀಟು, ಪೆಡಲ್ ಕೂರಿಸೋ ಫ್ರೇಮು) ತಗೊಳ್ಳೋ ದುಡ್ಡಿಲ್ಲ. ಯಾರ ಹತ್ರ ಏನ್ ಉಪಾಯ ಇದೆ?

ಕಾಫಿನಾಡು_ಜಿ29

ಒರಳುಕಲ್ಲು. ಅಜ್ಜಿದು. ಮೂರು ವರ್ಷ ಆಯ್ತು, ಒಂದ್ ಇಂಚು ಜಾರಿಲ್ಲ. ದೋಸೆ ಹಿಟ್ಟಿಗೆ ಮಿಕ್ಸಿ ಇದೆ ಅಂತ ಮನೆಯವ್ರನ್ನ ಒಪ್ಪಿಸೋದೊಂದೇ ಕಷ್ಟ.